ಮಗುವಿಗೆ ತಕ್ಕ ಪ್ರಶ್ನೆ: ಒಂದು ಅಡಾಪ್ಟಿವ್ ಗಣಿತ ಪರೀಕ್ಷೆಯನ್ನು ರೂಪಿಸಿದ ನನ್ನ ಅನುಭವ

ನಾಲ್ಕರಿಂದ ಏಳನೇ ತರಗತಿಯವರೆಗಿನ ಮಕ್ಕಳ ಅಂಕಗಣಿತವನ್ನು ಅಳೆಯುವ, ಟ್ಯಾಬ್ಲೆಟ್‌ನಲ್ಲಿ ಕನ್ನಡದಲ್ಲಿ ನಡೆಯುವ ಒಂದು ಅಡಾಪ್ಟಿವ್ ಪರೀಕ್ಷೆಯನ್ನು ರೂಪಿಸುವ ಕೆಲಸದಲ್ಲಿ ಸಂಖ್ಯಾಶಾಸ್ತ್ರದ ಹೊಣೆ ನನ್ನದಾಗಿತ್ತು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಡದೆ, ಪ್ರತಿ ಮಗು ಅಲ್ಲಿಯವರೆಗೆ ಕೊಟ್ಟ ಉತ್ತರಗಳನ್ನು ನೋಡಿ ಮುಂದಿನ ಪ್ರಶ್ನೆಯನ್ನು ಅದರ ಮಟ್ಟಕ್ಕೆ ತಕ್ಕಂತೆ ಆರಿಸುವುದು ಈ ಬಗೆಯ ಪರೀಕ್ಷೆಯ ಲಕ್ಷಣ. ಕಂಪ್ಯೂಟರಿನಲ್ಲಿ ನಡೆಯುವ ಪರೀಕ್ಷೆಗಳೆಲ್ಲ ಈ ಜಾತಿಗೆ ಸೇರುವುದಿಲ್ಲ. ಐಐಎಂಗಳ ಪ್ರವೇಶ ಪರೀಕ್ಷೆ 2009ರಿಂದ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದರೂ ಅಭ್ಯರ್ಥಿಯ ಹಿಂದಿನ ಉತ್ತರಕ್ಕೆ ತಕ್ಕಂತೆ ಅದರ ಮುಂದಿನ ಪ್ರಶ್ನೆ ಬದಲಾಗುವುದಿಲ್ಲ. ಉನ್ನತ ವ್ಯಾಸಂಗದ ಪ್ರವೇಶಕ್ಕೆ ಬರೆಯುವ ಅಮೆರಿಕದ ಜಿಆರ್‌ಇ ಪರೀಕ್ಷೆ 1993ರಲ್ಲಿ ಅಡಾಪ್ಟಿವ್ ರೂಪಕ್ಕೆ ಬಂತು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ವಿದೇಶಕ್ಕೆ ಹೋಗಬಯಸುವ ಅನೇಕರು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ 1994ರಲ್ಲಿ ಅದೇ ದಾರಿ ಹಿಡಿಯಿತು.

ಆಲೋಚನೆ ಮಾತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. 1905ರಲ್ಲಿ ಆಲ್ಫ್ರೆಡ್ ಬಿನೆ ಪ್ಯಾರಿಸ್ಸಿನಲ್ಲಿ ಮಕ್ಕಳಿಗಾಗಿ ರೂಪಿಸಿದ ಬುದ್ಧಿಮತ್ತೆಯ ಅಳತೆಯ ಪರಂಪರೆಯಲ್ಲಿ ಪರೀಕ್ಷಕರು ಮಗುವಿನ ಉತ್ತರ ನೋಡಿಕೊಂಡು ಸುಲಭದ ಕಡೆಗೋ ಕಠಿಣದ ಕಡೆಗೋ ಸರಿಯುತ್ತಿದ್ದರು. ನಮ್ಮ ದೇಶದಲ್ಲಿ 2005ರಿಂದ ಹಳ್ಳಿಹಳ್ಳಿಯಲ್ಲಿ ನಡೆದಿರುವ ಅಸರ್ ಸಮೀಕ್ಷೆಯ ಗಣಿತದ ಹಾಳೆಯೂ ಹಾಗೆಯೇ ಕೆಲಸ ಮಾಡುತ್ತದೆ. ಎರಡಂಕಿಯ ವ್ಯವಕಲನದಿಂದ ಆರಂಭಿಸಿ, ಮಗು ಮಾಡಿದರೆ ಭಾಗಾಕಾರಕ್ಕೆ ಹೋಗುತ್ತಾರೆ, ಮಾಡದಿದ್ದರೆ ಸಂಖ್ಯೆ ಗುರುತಿಸುವುದಕ್ಕೆ ಇಳಿಯುತ್ತಾರೆ. ಒಂದೇ ಹಾಳೆಯಲ್ಲಿ, ಒಬ್ಬ ಸ್ವಯಂಸೇವಕನ ಕೈಯಲ್ಲಿ ಇಷ್ಟು ಸಾಧ್ಯವಾಗುವುದನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ನಮಗೆ ಬೇಕಾಗಿದ್ದದ್ದು ಅದಕ್ಕಿಂತ ಸೂಕ್ಷ್ಮವಾದ ಅಳತೆ. ವರ್ಷದ ಆರಂಭಕ್ಕೂ ಕೊನೆಗೂ ನಡುವೆ ಒಂದು ಮಗು ಎಷ್ಟು ಮುಂದೆ ಬಂದಿದೆ ಎಂದು ಹೇಳಲು ನಾಲ್ಕೈದು ಹಂತಗಳ ವಿಂಗಡಣೆ ಸಾಲದು.

ಈ ವಿಷಯದ ಚರ್ಚೆಗಳಲ್ಲಿ ಹೆಚ್ಚಿನವರ ಗಮನ ಮುಂದಿನ ಪ್ರಶ್ನೆಯನ್ನು ಆರಿಸುವ ಸೂತ್ರದ ಮೇಲೆ ಹೋಗುತ್ತದೆ. ನಾನು ಕಂಡುಕೊಂಡಂತೆ ಪರೀಕ್ಷೆಯ ನಿಖರತೆ ಬಹುಪಾಲು ತೀರ್ಮಾನವಾಗುವುದು ಅದಕ್ಕೂ ಮೊದಲು, ಪ್ರಶ್ನೆಕೋಠಿಯಲ್ಲಿ, ಅಂದರೆ ಪರೀಕ್ಷೆ ತನ್ನ ಪ್ರಶ್ನೆಗಳನ್ನು ಆರಿಸಿಕೊಳ್ಳುವ ಸಂಗ್ರಹದಲ್ಲಿ: ಯಾವ ಮಟ್ಟದಲ್ಲಿ ಎಷ್ಟು ಪ್ರಶ್ನೆಗಳಿವೆ, ಅವುಗಳ ಕಠಿಣತೆ ಒಂದೇ ಅಳತೆಗೋಲಿನ ಮೇಲೆ ಸರಿಯಾಗಿ ಕೂತಿದೆಯೇ ಎಂಬುದರಲ್ಲಿ. ಆರಿಸುವ ಸೂತ್ರ ಎಷ್ಟೇ ಜಾಣತನದ್ದಾದರೂ ಕೋಠಿಯಲ್ಲಿ ಇಲ್ಲದ ಪ್ರಶ್ನೆಯನ್ನು ಅದು ತಂದುಕೊಡಲಾರದು.

ಮೊದಲು ಮಾದರಿಯ ವಿಷಯ, ಅಂದರೆ ಉತ್ತರಗಳಿಂದ ಸಾಮರ್ಥ್ಯವನ್ನು ಅಂದಾಜು ಮಾಡುವ ಗಣಿತದ ಚೌಕಟ್ಟು. ಡೆನ್ಮಾರ್ಕಿನ ಗಣಿತಜ್ಞ ಗಿಯಾರ್ಗ್ ರಾಶ್ 1960ರಲ್ಲಿ ಪ್ರಕಟಿಸಿದ ಮಾದರಿಯನ್ನು ನಾವು ಆರಿಸಿಕೊಂಡೆವು. ಮಗುವಿನ ಸಾಮರ್ಥ್ಯವನ್ನೂ ಪ್ರಶ್ನೆಯ ಕಠಿಣತೆಯನ್ನೂ ಅದು ಒಂದೇ ರೇಖೆಯ ಮೇಲಿನ ಎರಡು ಬಿಂದುಗಳಾಗಿ ನೋಡುತ್ತದೆ. ಸರಿಯುತ್ತರದ ಸಂಭವನೀಯತೆ ಅವೆರಡರ ವ್ಯತ್ಯಾಸವನ್ನು ಮಾತ್ರ ಅವಲಂಬಿಸುತ್ತದೆ. ರೇಖೆಯ ಏಕಮಾನ ಲಾಜಿಟ್. ಸಾಮರ್ಥ್ಯ ಮತ್ತು ಕಠಿಣತೆ ಸಮವಾಗಿದ್ದರೆ ಸಂಭವನೀಯತೆ ಅರ್ಧ, ಮಗು ಒಂದು ಲಾಜಿಟ್ ಮೇಲಿದ್ದರೆ ಸುಮಾರು 0.73, ಎರಡು ಲಾಜಿಟ್ ಮೇಲಿದ್ದರೆ 0.88. ಸಾಮರ್ಥ್ಯ ಹೆಚ್ಚಿದಂತೆ ಸರಿಯುತ್ತರದ ಸಂಭವನೀಯತೆ ಏರುವುದನ್ನು ತೋರಿಸುವ ವಕ್ರರೇಖೆಯ ಏರಿಕೆಯ ತೀವ್ರತೆ ಪ್ರಶ್ನೆಯಿಂದ ಪ್ರಶ್ನೆಗೆ ಬೇರೆ ಇರಬಹುದೆಂದು ಒಪ್ಪುವ ಎರಡು ನಿಯತಾಂಕಗಳ ಮಾದರಿಯನ್ನೂ ಪರಿಶೀಲಿಸಿದೆ. ಅದನ್ನು ಬಿಡಲು ಒಂದು ಗಟ್ಟಿ ಕಾರಣವಿತ್ತು. ಈ ತೀವ್ರತೆಯನ್ನು ಸಣ್ಣ ದತ್ತಾಂಶದಿಂದ ಅಂದಾಜು ಮಾಡಿದಾಗ ಕೆಲವು ಪ್ರಶ್ನೆಗಳಿಗೆ ಅದು ಆಕಸ್ಮಿಕವಾಗಿ ಹೆಚ್ಚು ಬಂದಿರುತ್ತದೆ. ಅಡಾಪ್ಟಿವ್ ಸೂತ್ರ ಹುಡುಕಿ ಹುಡುಕಿ ಅಂಥ ಪ್ರಶ್ನೆಗಳನ್ನೇ ಆರಿಸುತ್ತದೆ, ಆಗ ಪರೀಕ್ಷೆ ತನ್ನ ನಿಖರತೆಯನ್ನು ಇರುವುದಕ್ಕಿಂತ ಹೆಚ್ಚೆಂದು ವರದಿ ಮಾಡುತ್ತದೆ. ಪ್ರತಿ ಪ್ರಶ್ನೆಗೆ ಸಾವಿರಾರು ಉತ್ತರಗಳನ್ನು ಸಂಗ್ರಹಿಸಬಲ್ಲ ಸಂಸ್ಥೆಗೆ ಈ ಭಯ ಕಡಿಮೆ. ನಮಗೆ ಆ ಸೌಕರ್ಯ ಇರಲಿಲ್ಲ.

ರಾಶ್ ಮಾದರಿಯಲ್ಲಿ ಲೆಕ್ಕ ಎಷ್ಟು ಸರಳವೆಂದರೆ ಇಡೀ ಪರೀಕ್ಷೆಯ ಉದ್ದವನ್ನು ಕಾಗದದ ಮೇಲೆಯೇ ಅಂದಾಜಿಸಬಹುದು. ಸರಿಯುತ್ತರದ ಸಂಭವನೀಯತೆಯನ್ನು ತಪ್ಪುತ್ತರದ ಸಂಭವನೀಯತೆಯಿಂದ ಗುಣಿಸಿದರೆ ಆ ಪ್ರಶ್ನೆ ಆ ಮಗುವಿನ ಬಗ್ಗೆ ಕೊಡುವ ಫಿಶರ್ ಮಾಹಿತಿ ಸಿಗುತ್ತದೆ. ಅದರ ಗರಿಷ್ಠ ಬೆಲೆ 0.25, ಅದು ಸಂಭವನೀಯತೆ ಅರ್ಧವಿದ್ದಾಗ. ಕೇಳಿದ ಪ್ರಶ್ನೆಗಳ ಮಾಹಿತಿಯನ್ನು ಕೂಡಿಸಿ, ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿದರೆ ಅಂದಾಜಿನ ಮಾನಕ ದೋಷ, ಅಂದರೆ ಅಂದಾಜು ನಿಜದಿಂದ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಇರಬಹುದು ಎಂಬುದರ ಅಳತೆ. ಅಂದರೆ ಎಲ್ಲ ಪ್ರಶ್ನೆಗಳೂ ಮಗುವಿನ ಮಟ್ಟಕ್ಕೆ ನಿಖರವಾಗಿ ಹೊಂದಿದರೂ 16 ಪ್ರಶ್ನೆಗಳಿಂದ ಮಾನಕ ದೋಷ 0.5ಕ್ಕೆ, 25ರಿಂದ 0.4ಕ್ಕೆ ಇಳಿಯುತ್ತದೆ, 0.3ಕ್ಕೆ ಇಳಿಸಲು 45 ಬೇಕು. ಮಕ್ಕಳ ಸಾಮರ್ಥ್ಯದ ಮಾನಕ ವಿಚಲನೆ (ಸರಾಸರಿಯ ಸುತ್ತ ಅವರ ಹರಡುವಿಕೆ) ಒಂದು ಲಾಜಿಟ್ ಎಂದಿಟ್ಟುಕೊಂಡರೆ 0.4ರ ದೋಷ ಸುಮಾರು 0.84ರ ವಿಶ್ವಾಸಾರ್ಹತೆಗೆ ಸಮ (1 ಎಂದರೆ ದೋಷವೇ ಇಲ್ಲದ ಅಳತೆ). ಹತ್ತು ವರ್ಷದ ಮಗುವನ್ನು ಟ್ಯಾಬ್ಲೆಟ್ ಮುಂದೆ 45 ಲೆಕ್ಕಗಳಿಗೆ ಕೂರಿಸಲು ನಮಗೆ ಮನಸ್ಸಿರಲಿಲ್ಲ. ಆದ್ದರಿಂದ 0.4 ನಮ್ಮ ಗುರಿಯಾಯಿತು, ಉಳಿದ ನಿರ್ಧಾರಗಳನ್ನೆಲ್ಲ ಆ ಒಂದು ಸಂಖ್ಯೆಗೆ ಒರೆಹಚ್ಚಿ ನೋಡಿದೆವು.

ನಾಲ್ಕು ಆಯ್ಕೆಗಳ ಪ್ರಶ್ನೆಗಳನ್ನು ಬಿಟ್ಟು, ಮಗು ಉತ್ತರವನ್ನು ತಾನೇ ಅಂಕಿಗಳಲ್ಲಿ ಒತ್ತುವ ಪ್ರಶ್ನೆಗಳನ್ನು ತೆಗೆದುಕೊಂಡದ್ದೂ ಈ ಲೆಕ್ಕದಿಂದಲೇ. ಊಹೆಯಿಂದ ಸರಿಯಾಗುವ ಸಂಭವನೀಯತೆ ಕಾಲು ಭಾಗ ಇದ್ದಾಗ ಪ್ರಶ್ನೆಯ ಗರಿಷ್ಠ ಮಾಹಿತಿ 0.25ರಿಂದ ಸುಮಾರು 0.155ಕ್ಕೆ ಕುಸಿಯುತ್ತದೆ. 25 ಪ್ರಶ್ನೆಗಳ ಕೆಲಸಕ್ಕೆ 40 ಬೇಕಾಗುತ್ತದೆ. ಓದುವ ಸಾಮರ್ಥ್ಯದ ಪರೀಕ್ಷೆಯಲ್ಲಿ ಆಯ್ಕೆಗಳಿಲ್ಲದೆ ಸಾಗುವುದು ಕಷ್ಟ. ಅಂಕಗಣಿತದಲ್ಲಿ ಉತ್ತರ ಒಂದು ಸಂಖ್ಯೆಯಾಗಿರುವುದರಿಂದ ಈ ಅನುಕೂಲವನ್ನು ಕೈಬಿಡಲು ಕಾರಣವೇ ಇರಲಿಲ್ಲ.

ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಗಳಲ್ಲಿ ಪರಿಶೀಲನೆಯ ನಂತರ ಸುಮಾರು ಮುನ್ನೂರು ಉಳಿದವು. ಅವುಗಳ ಕಠಿಣತೆಯನ್ನು ಕಂಡುಹಿಡಿಯಲು ಒಂದೇ ಮಗುವಿಗೆ ಮುನ್ನೂರನ್ನೂ ಕೊಡುವಂತಿಲ್ಲ. ಆದ್ದರಿಂದ ಪ್ರಶ್ನೆಗಳನ್ನು ಹಲವು ಪುಸ್ತಿಕೆಗಳಾಗಿ ಹಂಚಿ, ಅಕ್ಕಪಕ್ಕದ ಎರಡು ಪುಸ್ತಿಕೆಗಳಲ್ಲಿ ಕೆಲವು ಪ್ರಶ್ನೆಗಳು ಸಮಾನವಾಗಿರುವಂತೆ ನೋಡಿಕೊಂಡೆವು. ಈ ಕೊಂಡಿ ಪ್ರಶ್ನೆಗಳ ಮೂಲಕವೇ ನಾಲ್ಕನೇ ತರಗತಿಯ ಸುಲಭದ ಪುಸ್ತಿಕೆಯೂ ಏಳನೇ ತರಗತಿಯ ಕಠಿಣ ಪುಸ್ತಿಕೆಯೂ ಒಂದೇ ಅಳತೆಗೋಲಿಗೆ ಬರುತ್ತವೆ. ಒಂದು ಪ್ರಶ್ನೆಗೆ 500 ಮಕ್ಕಳು ಉತ್ತರಿಸಿ ಅವರಲ್ಲಿ ಅರ್ಧದಷ್ಟು ಜನ ಸರಿ ಮಾಡಿದ್ದರೆ ಅದರ ಕಠಿಣತೆಯ ಮಾನಕ ದೋಷ ಸುಮಾರು 0.09, ಹತ್ತರಲ್ಲಿ ಒಂಬತ್ತು ಮಕ್ಕಳು ಸರಿ ಮಾಡುವಷ್ಟು ಸುಲಭದ ಪ್ರಶ್ನೆಯಾದರೆ ಅದು 0.15. ಹಾಗಾಗಿ ಪ್ರತಿ ಪುಸ್ತಿಕೆಯನ್ನೂ ಅದಕ್ಕೆ ಹೊಂದುವ ತರಗತಿಗೇ ಕೊಡುವುದು ಲಾಭಕರ.

ಇಲ್ಲಿ ನಾನು ಬಹಳ ಹೊತ್ತು ಯೋಚಿಸಿದ ಒಂದು ಅಂಶವಿದೆ, ಹೊಸದಾಗಿ ಈ ಕೆಲಸಕ್ಕೆ ಬರುವವರು ಅದನ್ನು ಗಮನಿಸಬೇಕೆಂದು ಬಯಸುತ್ತೇನೆ. ಒಂದೊಂದು ಪ್ರಶ್ನೆಯ ಕಠಿಣತೆಯಲ್ಲಿ ಬಿಡಿಬಿಡಿಯಾಗಿ 0.1ರಷ್ಟು ದೋಷ ಇದ್ದರೆ ಮಗುವಿನ ಅಂಕದ ಮೇಲೆ ಅದರ ಪರಿಣಾಮ ಅಷ್ಟೇನೂ ಇಲ್ಲ. 25 ಪ್ರಶ್ನೆಗಳಲ್ಲಿ ಅದು ಸರಾಸರಿಯಾಗಿ 0.02ಕ್ಕೆ ಇಳಿಯುತ್ತದೆ, 0.4ರ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಕೊಂಡಿಯಲ್ಲಿನ ದೋಷದ ಸ್ವಭಾವ ಬೇರೆ. ಸುಲಭದ ಪುಸ್ತಿಕೆ ಇಡಿಯಾಗಿ 0.1ರಷ್ಟು ಪಕ್ಕಕ್ಕೆ ಸರಿದು ಕೂತರೆ ಅದರಲ್ಲಿನ ಪ್ರಶ್ನೆಗಳೆಲ್ಲ ಒಟ್ಟಾಗಿ ಸರಿದಿರುತ್ತವೆ, ಎಷ್ಟು ಪ್ರಶ್ನೆ ಕೇಳಿದರೂ ಆ ದೋಷ ಕರಗುವುದಿಲ್ಲ, ಕೆಳಮಟ್ಟದ ಮಕ್ಕಳೆಲ್ಲರ ಅಂಕವೂ ಅಷ್ಟೇ ಸರಿಯುತ್ತದೆ. ನಮ್ಮಲ್ಲಿದ್ದ ಸೀಮಿತ ಸಮಯವನ್ನು ಪ್ರತಿ ಪ್ರಶ್ನೆಗೆ ಇನ್ನಷ್ಟು ಉತ್ತರ ಕೂಡಿಸುವುದಕ್ಕೆ ಬಳಸದೆ, ಕೊಂಡಿ ಪ್ರಶ್ನೆಗಳ ಸಂಖ್ಯೆ ಹೆಚ್ಚಿಸುವುದಕ್ಕೂ ಎರಡು ಪುಸ್ತಿಕೆಗಳಲ್ಲಿ ಅವು ಹೆಚ್ಚುಕಡಿಮೆ ಒಂದೇ ಸ್ಥಾನದಲ್ಲಿ ಬರುವಂತೆ ಜೋಡಿಸುವುದಕ್ಕೂ ಬಳಸಿದ್ದು ಇದೇ ಕಾರಣಕ್ಕೆ. ಪುಸ್ತಿಕೆಯ ಆರಂಭದಲ್ಲಿ ಸುಲಭವೆನಿಸಿದ ಪ್ರಶ್ನೆ ಕೊನೆಯಲ್ಲಿ ಬಂದಾಗ ದಣಿದ ಮಗುವಿಗೆ ಕಠಿಣವಾಗುತ್ತದೆ.

ಕಠಿಣತೆಗಳು ಕೈಗೆ ಬಂದ ಮೇಲೆ ನಾನು ಮೊದಲು ಮಾಡಿದ್ದು ಅಳತೆಗೋಲಿನ ಒಂದು ಬದಿಯಲ್ಲಿ ಮಕ್ಕಳನ್ನೂ ಇನ್ನೊಂದು ಬದಿಯಲ್ಲಿ ಪ್ರಶ್ನೆಗಳನ್ನೂ ಗುರುತಿಸಿದ ನಕ್ಷೆ. ಪ್ರಶ್ನೆಗಳು ಮಧ್ಯದಲ್ಲಿ ಒತ್ತೊತ್ತಾಗಿದ್ದವು. ಕೆಳಗಡೆ, ಮಕ್ಕಳು ಸಾಕಷ್ಟಿದ್ದ ಕಡೆ, ಬಹಳ ವಿರಳವಾಗಿದ್ದವು. ಇದು ಸಹಜ. ಐದನೇ ತರಗತಿಗೆ ಪ್ರಶ್ನೆ ಬರೆಯಿರಿ ಎಂದರೆ ಶಿಕ್ಷಕರು ಐದನೇ ತರಗತಿಯ ಪಠ್ಯಕ್ಕೆ ತಕ್ಕಂತೆ ಬರೆಯುತ್ತಾರೆ. ಆ ತರಗತಿಯಲ್ಲಿ ಕೂತಿರುವ ಕೆಲವು ಮಕ್ಕಳು ಇನ್ನೂ ದಶಕ ಸಹಿತ ಸಂಕಲನದಲ್ಲಿ ತಡವರಿಸುತ್ತಿರುತ್ತಾರೆ. ಸರಾಸರಿ ಮಗುವನ್ನು ಸೊನ್ನೆ ಎಂದಿಟ್ಟರೆ, −2ರಲ್ಲಿರುವ ಮಗುವಿಗೆ ಸೊನ್ನೆ ಮಟ್ಟದ ಪ್ರಶ್ನೆಯಿಂದ ಸಿಗುವ ಮಾಹಿತಿ 0.105 ಮಾತ್ರ. ಅಂಥ 25 ಪ್ರಶ್ನೆ ಕೇಳಿದರೂ ಮಾನಕ ದೋಷ 0.6ಕ್ಕಿಂತ ಕೆಳಗೆ ಬರುವುದಿಲ್ಲ. ಅಂದರೆ ಯಾವ ಮಗುವಿನ ಬಗ್ಗೆ ಶಿಕ್ಷಕರಿಗೆ ಸರಿಯಾದ ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕೋ ಆ ಮಗುವನ್ನೇ ಪರೀಕ್ಷೆ ಎಲ್ಲರಿಗಿಂತ ಒರಟಾಗಿ ಅಳೆಯುತ್ತದೆ, ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಅದನ್ನು ಸೋಲಿಸಿಯೂ ಕಳಿಸುತ್ತದೆ. ಈ ಕೊರತೆಯನ್ನು ತುಂಬಲು ಒಂದಂಕಿಯ ಸಂಕಲನ, ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಬರೆಯುವುದು, ಮುಂದಿನ ಸಂಖ್ಯೆ ಹೇಳುವುದು, ದಶಕ ರಹಿತ ವ್ಯವಕಲನ ಮುಂತಾದ ಪ್ರಶ್ನೆಗಳನ್ನು ಬೇಕೆಂದೇ ಬರೆಸಿ, ಮತ್ತೊಂದು ಸುತ್ತಿನಲ್ಲಿ ಕಠಿಣತೆ ಕಂಡುಹಿಡಿದೆವು. ಇಡೀ ಯೋಜನೆಯಲ್ಲಿ ಅಂಕಗಳ ಗುಣಮಟ್ಟವನ್ನು ಇದಕ್ಕಿಂತ ಹೆಚ್ಚು ಸುಧಾರಿಸಿದ ಕೆಲಸ ಬೇರೆ ಯಾವುದೂ ಇಲ್ಲ.

ಇಷ್ಟಾದ ಮೇಲೆ ಆಯ್ಕೆಯ ಸೂತ್ರ. ಪುಸ್ತಕದ ಪ್ರಕಾರ ಪ್ರತಿ ಬಾರಿ ಗರಿಷ್ಠ ಮಾಹಿತಿ ಕೊಡುವ ಪ್ರಶ್ನೆಯನ್ನು ಆರಿಸಬೇಕು, ಅಂದರೆ ಮಗು ಸರಿ ಮಾಡುವ ಸಂಭವನೀಯತೆ ಅರ್ಧದ ಹತ್ತಿರ ಇರುವ ಪ್ರಶ್ನೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಮಗುವಿನ ಮೂರು ಉತ್ತರಗಳಲ್ಲಿ ತೋರಿಸುತ್ತೇನೆ. ಆರಂಭದಲ್ಲಿ ನಮಗೆ ಗೊತ್ತಿರುವುದು ಮಕ್ಕಳ ಸರಾಸರಿ ಸೊನ್ನೆ, ಮಾನಕ ವಿಚಲನೆ ಒಂದು ಎಂಬುದಷ್ಟೇ. ಕಠಿಣತೆ 0 ಇರುವ ಮೊದಲ ಪ್ರಶ್ನೆಯನ್ನು ಮಗು ಸರಿ ಮಾಡಿತು. ಪೂರ್ವತಿಳಿವಳಿಕೆಯನ್ನೂ ಉತ್ತರವನ್ನೂ ಬೇಯ್ಸ್ ನಿಯಮದಿಂದ ಕೂಡಿಸಿದರೆ ಸಾಮರ್ಥ್ಯದ ಅತ್ಯಂತ ಸಂಭವನೀಯ ಬೆಲೆ 0.40ಕ್ಕೆ ಏರುತ್ತದೆ, ಮಾನಕ ದೋಷ 0.90. ಆಗ 0.40 ಕಠಿಣತೆಯ ಪ್ರಶ್ನೆ ಬರುತ್ತದೆ. ಅದೂ ಸರಿಯಾದರೆ ಅಂದಾಜು 0.74, ದೋಷ 0.83. ಮೂರನೆಯದು 0.74ರ ಪ್ರಶ್ನೆ, ಅದು ತಪ್ಪಿದರೆ ಅಂದಾಜು 0.45ಕ್ಕೆ ಇಳಿದು ದೋಷ 0.76 ಆಗುತ್ತದೆ. ಮೊದಲು ದೊಡ್ಡ ಹೆಜ್ಜೆಗಳು, ದೋಷ ಕುಗ್ಗಿದಂತೆ ಸಣ್ಣ ಹೆಜ್ಜೆಗಳು. ಪೂರ್ವತಿಳಿವಳಿಕೆ ಇಲ್ಲದೆ ಲೈಕ್ಲಿಹುಡ್ ಒಂದರಿಂದಲೇ, ಅಂದರೆ ಮಗು ಕೊಟ್ಟ ಉತ್ತರಗಳು ಯಾವ ಸಾಮರ್ಥ್ಯದಲ್ಲಿ ಅತಿ ಹೆಚ್ಚು ಸಂಭವನೀಯ ಎಂಬುದೊಂದರಿಂದಲೇ, ಅಂದಾಜು ಮಾಡಲು ಹೊರಟರೆ ಮೊದಲ ಉತ್ತರ ಸರಿಯಾದ ಕೂಡಲೇ ಅಂದಾಜು ಅನಂತಕ್ಕೆ ಓಡುತ್ತದೆ. ಪರೀಕ್ಷೆಯ ನಡುವೆ ಬೇಯ್ಸ್ ವಿಧಾನ ಅನಿವಾರ್ಯವಾಗುವುದು ಅದಕ್ಕಾಗಿಯೇ.

ಆದರೆ ಅರ್ಧದಷ್ಟು ಪ್ರಶ್ನೆಗಳನ್ನು ತಪ್ಪು ಮಾಡುತ್ತಲೇ ಇರುವ ಅನುಭವ ಒಂದು ಮಗುವಿಗೆ ಹೇಗಿರುತ್ತದೆ? ಪ್ರಾಯೋಗಿಕ ಸುತ್ತಿನಲ್ಲಿ ಚೆನ್ನಾಗಿ ಲೆಕ್ಕ ಮಾಡುವ ಮಕ್ಕಳೂ ಹತ್ತು ಹನ್ನೆರಡು ಪ್ರಶ್ನೆಗಳಾದ ಮೇಲೆ ಪೆನ್ಸಿಲ್ ಕೆಳಗಿಟ್ಟು ಸುಮ್ಮನೆ ಯಾವುದೋ ಅಂಕಿ ಒತ್ತಲು ಆರಂಭಿಸಿದ್ದನ್ನು ನೋಡಿದೆ. ಆ ಕ್ಷಣದಿಂದ ಮಾದರಿ ಅಳೆಯುವುದು ಗಣಿತವನ್ನಲ್ಲ. ಗುರಿಯನ್ನು ಶೇ. 70ಕ್ಕೆ ಏರಿಸಿದರೆ, ಅಂದರೆ ಮಗುವಿನ ಅಂದಾಜಿಗಿಂತ ಸುಮಾರು 0.85 ಲಾಜಿಟ್ ಸುಲಭದ ಪ್ರಶ್ನೆಯನ್ನೇ ಆರಿಸಿದರೆ, ಪ್ರತಿ ಪ್ರಶ್ನೆಯ ಮಾಹಿತಿ 0.25ರಿಂದ 0.21ಕ್ಕೆ ಇಳಿಯುತ್ತದೆ. ಅದೇ 0.4ರ ಗುರಿಗೆ 25ರ ಬದಲು 30 ಪ್ರಶ್ನೆ ಬೇಕು. ಐದು ಹೆಚ್ಚುವರಿ ಪ್ರಶ್ನೆಗಳು, ಅದಕ್ಕೆ ಪ್ರತಿಯಾಗಿ ಕೊನೆಯವರೆಗೆ ಮನಸ್ಸಿಟ್ಟು ಲೆಕ್ಕ ಮಾಡುವ ಮಗು. ಈ ಕೊಡುಕೊಳ್ಳುವಿಕೆಯನ್ನು ನಾನು ಸಂತೋಷದಿಂದ ಒಪ್ಪಿದೆ. ಶೇ. 80ಕ್ಕೆ ಹೋದರೆ ಮಾಹಿತಿ 0.16ಕ್ಕೆ ಬಿದ್ದು ಪ್ರಶ್ನೆಗಳು 40 ಆಗುತ್ತವೆ, ಅದು ಹೆಚ್ಚಾಯಿತು. ಈ ನಿರ್ಧಾರ ಕೋಠಿಯ ಮೇಲೆ ಮತ್ತೆ ಹೊರೆ ಹಾಕಿತೆಂಬುದನ್ನೂ ಹೇಳಬೇಕು. −2ರಲ್ಲಿರುವ ಮಗುವಿಗೆ ಈಗ −2.85ರ ಪ್ರಶ್ನೆಗಳು ಬೇಕು, ಒಂದಲ್ಲ ಎರಡಲ್ಲ, ಇಡೀ ಪರೀಕ್ಷೆಗಾಗುವಷ್ಟು.

ಬೇಯ್ಸ್ ವಿಧಾನದ ಅಂದಾಜನ್ನೇ ಅಂತಿಮ ಅಂಕವಾಗಿ ವರದಿ ಮಾಡಬಾರದೆಂದು ನಾನು ಪಟ್ಟುಹಿಡಿದೆ. ಪೂರ್ವತಿಳಿವಳಿಕೆ ಒಂದು ಏಕಮಾನದಷ್ಟು ಮಾಹಿತಿಗೆ ಸಮ; 30 ಪ್ರಶ್ನೆಗಳಿಂದ ಬರುವುದು 6.3. ಅಂತಿಮ ಅಂದಾಜು ಇವೆರಡರ ತೂಕದ ಸರಾಸರಿಯಾಗಿ ಮಧ್ಯದ ಕಡೆಗೆ ಎಳೆಯಲ್ಪಡುತ್ತದೆ: ನಿಜವಾಗಿ −2ರಲ್ಲಿರುವ ಮಗುವಿಗೆ ಸರಾಸರಿಯಲ್ಲಿ ಸುಮಾರು −1.73 ಬರುತ್ತದೆ. ಎಲ್ಲ ಮಕ್ಕಳ ಒಟ್ಟು ದೋಷವನ್ನು ಕಡಿಮೆ ಮಾಡಲು ಇದು ಒಳ್ಳೆಯ ಉಪಾಯವೇ ಹೌದು. ಆದರೆ ಹಿಂದುಳಿದ ಮಕ್ಕಳೆಲ್ಲರೂ ಇರುವುದಕ್ಕಿಂತ ಉತ್ತಮವಾಗಿ ಕಾಣುವುದು, ಅವರು ಒಂದು ವರ್ಷದಲ್ಲಿ ಸಾಧಿಸಿದ ಪ್ರಗತಿ ಇರುವುದಕ್ಕಿಂತ ಕಡಿಮೆಯಾಗಿ ಕಾಣುವುದು ನಮ್ಮ ಉದ್ದೇಶಕ್ಕೇ ವಿರುದ್ಧ. ಹೀಗಾಗಿ ಪ್ರಶ್ನೆ ಆರಿಸುವಾಗ ಬೇಯ್ಸ್ ಅಂದಾಜು, ಕೊನೆಯಲ್ಲಿ ವರದಿಗೆ ಥಾಮಸ್ ವಾರ್ಮ್ 1989ರಲ್ಲಿ ಸೂಚಿಸಿದ ತೂಕ ಕೊಟ್ಟ ಲೈಕ್ಲಿಹುಡ್ ಅಂದಾಜು ಎಂದು ನಿಗದಿ ಮಾಡಿದೆವು. ಅದರ ಒಲವು (ಒಂದೇ ಕಡೆಗೆ ವಾಲುವ ದೋಷ) ಬಹಳ ಕಡಿಮೆ, ಎಲ್ಲ ಉತ್ತರಗಳೂ ಸರಿಯಾದಾಗಲೂ ಅದು ಅನಂತಕ್ಕೆ ಓಡುವುದಿಲ್ಲ.

ಒಂದೇ ಕೊಠಡಿಯಲ್ಲಿ ಅಕ್ಕಪಕ್ಕ ಕೂತ ಮಕ್ಕಳಿಗೆ ಒಂದೇ ಮೊದಲ ಪ್ರಶ್ನೆ, ಅದೇ ಕ್ರಮದಲ್ಲಿ ಎರಡನೆಯದು ಬರುವುದನ್ನು ತಪ್ಪಿಸಲು ಪ್ರತಿ ಹಂತದಲ್ಲೂ ಗುರಿಗೆ ಅತಿ ಹತ್ತಿರದ ಐದು ಪ್ರಶ್ನೆಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸುವಂತೆ ಮಾಡಿದೆವು. ಪ್ರಶ್ನೆ ಗುರಿಯಿಂದ 0.3 ಲಾಜಿಟ್ ಅತ್ತಿತ್ತ ಸರಿದರೂ ಮಾಹಿತಿಯ ನಷ್ಟ ಸರಾಸರಿಯಲ್ಲಿ ಶೇ. 2ರೊಳಗೇ ಇರುವುದರಿಂದ ಇದು ಅಗ್ಗದ ರಕ್ಷಣೆ. ಭಾರಿ ಫಲಿತಾಂಶ ನಿಂತಿರುವ ಪ್ರವೇಶ ಪರೀಕ್ಷೆಗಳಲ್ಲಿ, ತರಬೇತಿ ಕೇಂದ್ರಗಳು ಪ್ರಶ್ನೆಗಳನ್ನು ಕಂಠಪಾಠ ಮಾಡಿ ಒಟ್ಟುಗೂಡಿಸುವ ಸಾಧ್ಯತೆ ಇರುವಲ್ಲಿ, ಒಂದೊಂದು ಪ್ರಶ್ನೆಯೂ ಇಂತಿಷ್ಟು ಶೇಕಡಕ್ಕಿಂತ ಹೆಚ್ಚು ಅಭ್ಯರ್ಥಿಗಳಿಗೆ ಕಾಣದಂತೆ ತಡೆಯುವ ಬಿಗಿಯಾದ ವಿಧಾನಗಳು ಬೇಕಾಗುತ್ತವೆ. ನಮ್ಮ ಪರೀಕ್ಷೆಯಿಂದ ಯಾರೂ ಪಾಸು ನಪಾಸು ಆಗುವುದಿಲ್ಲ. ಭಿನ್ನರಾಶಿ, ಭಾಗಾಕಾರ ಮುಂತಾದ ವಿಷಯಗಳ ಪಾಲು ಪ್ರತಿ ಮಗುವಿಗೂ ಒಂದು ಮಿತಿಯೊಳಗಿರುವಂತೆ ನೋಡಿಕೊಳ್ಳುವ ನಿಯಮವನ್ನೂ ಸೇರಿಸಿದೆವು, ಅದರ ವಿವರ ಇಲ್ಲಿ ಬೇಡ.

ಕೆಲವು ಶಾಲೆಗಳಿಗೆ ಬೇಕಾಗಿದ್ದದ್ದು ಅಂಕವಲ್ಲ, ಒಂದು ತೀರ್ಮಾನ: ಈ ಮಗುವಿಗೆ ಪರಿಹಾರ ಬೋಧನೆ ಬೇಕೇ, ಬೇಡವೇ. ಇದಕ್ಕೆ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಸರಕಿನ ತಪಾಸಣೆಗಾಗಿ ರೂಪಿಸಿದ, ಒಂದೊಂದು ಫಲಿತಾಂಶದ ನಂತರವೂ ನಿಲ್ಲಿಸಬೇಕೇ ಮುಂದುವರಿಯಬೇಕೇ ಎಂದು ನೋಡುವ ಅನುಕ್ರಮ ಪರೀಕ್ಷೆಗಿಂತ ಉತ್ತಮವಾದದ್ದು ಸಿಗಲಿಲ್ಲ. ವಾಲ್ಡ್ 1950ರ ಡಿಸೆಂಬರಿನಲ್ಲಿ ಭಾರತಕ್ಕೆ ಉಪನ್ಯಾಸಗಳಿಗೆಂದು ಬಂದಿದ್ದಾಗ ನೀಲಗಿರಿಯ ಬೆಟ್ಟಗಳಲ್ಲಿ ವಿಮಾನ ಅಪಘಾತದಲ್ಲಿ ಪತ್ನಿಯೊಂದಿಗೆ ತೀರಿಕೊಂಡರು. ಅವರ ವಿಧಾನ ರಾಶ್ ಮಾದರಿಯಲ್ಲಿ ಎಷ್ಟು ಸರಳವಾಗುತ್ತದೆ ಎಂಬುದನ್ನು ನೋಡಿ. ಎಲ್ಲ ಪ್ರಶ್ನೆಗಳನ್ನೂ ಬೋಧನೆ ಬೇಕಾದವರನ್ನೂ ಬೇಡವಾದವರನ್ನೂ ಬೇರ್ಪಡಿಸುವ ಗಡಿರೇಖೆಯ ಕಠಿಣತೆಯಲ್ಲೇ ಆರಿಸಿ, ಗಡಿಯ ಅರ್ಧ ಲಾಜಿಟ್ ಮೇಲಿರುವ ಮಗುವನ್ನು ಅರ್ಧ ಲಾಜಿಟ್ ಕೆಳಗಿರುವ ಮಗುವಿನಿಂದ ಬೇರ್ಪಡಿಸಬೇಕು, ಎರಡೂ ಕಡೆ ತಪ್ಪು ತೀರ್ಮಾನದ ಪ್ರಮಾಣ ಶೇ. 5ರಷ್ಟಕ್ಕೆ ನಿಲ್ಲಬೇಕು ಎಂದಿಟ್ಟುಕೊಳ್ಳಿ. ಪ್ರತಿ ಸರಿಯುತ್ತರಕ್ಕೆ ಲೈಕ್ಲಿಹುಡ್ ಅನುಪಾತದ (ಮೇಲಿನ ಮಗು ಈ ಉತ್ತರಗಳನ್ನು ಕೊಡುವ ಸಂಭವನೀಯತೆಯನ್ನು ಕೆಳಗಿನ ಮಗುವಿನದರಿಂದ ಭಾಗಿಸಿದ್ದು) ಲಾಗರಿದಮ್ 0.5ರಷ್ಟು ಏರುತ್ತದೆ, ಪ್ರತಿ ತಪ್ಪಿಗೆ ಅಷ್ಟೇ ಇಳಿಯುತ್ತದೆ. ನಿಲ್ಲಿಸುವ ಮಿತಿ 19ರ ಲಾಗರಿದಮ್, ಅಂದರೆ 2.94. ಹಾಗಾದರೆ ನಿಯಮ ಇಷ್ಟೇ: ಸರಿಯುತ್ತರಗಳು ತಪ್ಪುಗಳಿಗಿಂತ ಆರು ಹೆಚ್ಚಾದಾಗ ಬೋಧನೆ ಬೇಡವೆಂದು, ತಪ್ಪುಗಳು ಆರು ಹೆಚ್ಚಾದಾಗ ಬೇಕೆಂದು ನಿಲ್ಲಿಸಿ. ಗಡಿಯಿಂದ ಎರಡು ಲಾಜಿಟ್ ದೂರದ ಮಗುವಿಗೆ ಇದು ಸರಾಸರಿ ಎಂಟು ಪ್ರಶ್ನೆಗಳಲ್ಲಿ ಮುಗಿಯುತ್ತದೆ, ಒಂದು ಲಾಜಿಟ್ ದೂರದ ಮಗುವಿಗೆ 13ರಲ್ಲಿ. ನಿಖರವಾಗಿ ಗಡಿಯ ಮೇಲೆಯೇ ಇರುವ ಮಗುವಿಗೆ ಸರಾಸರಿ 36 ಬೇಕಾಗುತ್ತದೆ, ಅಷ್ಟು ಕೇಳಿದರೂ ತೀರ್ಮಾನ ನಾಣ್ಯ ಚಿಮ್ಮಿದಷ್ಟೇ ಬೆಲೆಯದು. ಆದ್ದರಿಂದ ಒಂದು ಮಿತಿ ಹಾಕಿ, ಅಲ್ಲಿಗೂ ತೀರ್ಮಾನ ಬಾರದ ಮಕ್ಕಳನ್ನು 'ಶಿಕ್ಷಕರು ನಿರ್ಧರಿಸಲಿ' ಎಂಬ ಮೂರನೇ ಗುಂಪಿಗೆ ಹಾಕಿದೆವು. ಮಗುವನ್ನು ದಿನಾ ನೋಡುವವರ ತಿಳಿವಳಿಕೆಗೆ ಅಲ್ಲಿ ಹೆಚ್ಚು ತೂಕವಿದೆ.

ಈ ತೀರ್ಮಾನಗಳನ್ನೆಲ್ಲ ಮಕ್ಕಳ ಮೇಲೆ ಪ್ರಯೋಗಿಸುವ ಮೊದಲು ಸಿಮ್ಯುಲೇಷನ್‌ನಲ್ಲಿ ಪರೀಕ್ಷಿಸಿದ್ದೆ. −3ರಿಂದ +3ರವರೆಗೆ ಅರ್ಧರ್ಧ ಲಾಜಿಟ್ ಅಂತರದಲ್ಲಿ ಒಂದೊಂದು ಬಿಂದುವಿನಲ್ಲೂ ಸಾವಿರ ಕಾಲ್ಪನಿಕ ಮಕ್ಕಳನ್ನು ಇಟ್ಟು, ನಿಜವಾದ ಕೋಠಿಯಿಂದಲೇ ಪರೀಕ್ಷೆ ನಡೆಸಿ, ಒಲವನ್ನೂ ದೋಷವನ್ನೂ ಬಿಂದುವಾರು ನೋಡುವುದು ನನ್ನ ಪದ್ಧತಿ. ಎಲ್ಲ ಮಕ್ಕಳ ಒಟ್ಟು ಸರಾಸರಿ ದೋಷ ಒಂದನ್ನೇ ನೋಡುವವರಿಗೆ ಕೆಳತುದಿಯ ಸಮಸ್ಯೆ ಕಾಣುವುದೇ ಇಲ್ಲ. ಹೆಚ್ಚಿನ ಮಕ್ಕಳು ಮಧ್ಯದಲ್ಲಿರುವುದರಿಂದ ಸರಾಸರಿ ಚೆನ್ನಾಗಿಯೇ ಬರುತ್ತದೆ.

ಪ್ರಶ್ನೆಗಳು ಒಂದು ಪ್ರದೇಶದ ಮಕ್ಕಳಿಗೆ ಅನ್ಯಾಯ ಮಾಡುತ್ತಿವೆಯೇ ಎಂಬ ಪರಿಶೀಲನೆಗೆ ಮ್ಯಾಂಟೆಲ್ ಮತ್ತು ಹೆನ್ಸೆಲ್ ಅವರ ವಿಧಾನ ಬಳಸಿದೆ. ಒಂದೇ ಸಾಮರ್ಥ್ಯದ ಮಕ್ಕಳನ್ನು ಎರಡು ಗುಂಪುಗಳಿಂದ ಜೋಡಿಸಿ, ಒಂದು ನಿರ್ದಿಷ್ಟ ಪ್ರಶ್ನೆಯಲ್ಲಿ ಅವರ ಯಶಸ್ಸು ಬೇರೆಯಾಗಿದೆಯೇ ಎಂದು ಅದು ಕೇಳುತ್ತದೆ. ಸುಮಾರು 0.64 ಲಾಜಿಟ್‌ಗಿಂತ ಹೆಚ್ಚಿನ ವ್ಯತ್ಯಾಸವನ್ನು ಗಂಭೀರವೆಂದು ಪರಿಗಣಿಸುವುದು ರೂಢಿ. ಹೀಗೆ ಎದ್ದುಕಂಡ ಒಂದು ಪ್ರಶ್ನೆ ಅಡಿಕೆಯದು: ಎರಡು ಕ್ವಿಂಟಾಲ್ ಅಡಿಕೆಯನ್ನು ಎಂಟು ಚೀಲಗಳಿಗೆ ಸಮನಾಗಿ ತುಂಬಿದರೆ ಒಂದೊಂದರಲ್ಲಿ ಎಷ್ಟು ಕಿಲೋ? ತೋಟವಿರುವ ಊರುಗಳ ಮಕ್ಕಳಿಗೆ ಇದು ಸುಲಭ, ನಗರದ ಮಕ್ಕಳಿಗೆ ಕಠಿಣ. ಕ್ವಿಂಟಾಲ್ ಎಂದರೆ ನೂರು ಕಿಲೋ ಎಂಬ ತಿಳಿವಳಿಕೆಯೇ ಅಂತರಕ್ಕೆ ಕಾರಣ, ಭಾಗಾಕಾರವಲ್ಲ. ಪ್ರಶ್ನೆಯನ್ನು ತೆಗೆದುಹಾಕಬೇಕೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಮಕ್ಕಳ ಬದುಕಿನಿಂದ ಬಂದ ಪ್ರಶ್ನೆಗಳನ್ನೆಲ್ಲ ಹೀಗೆ ಕಿತ್ತುಹಾಕುತ್ತ ಹೋದರೆ ಕೋಠಿಯಲ್ಲಿ ಉಳಿಯುವುದು ಬರೀ ಅಂಕಿಗಳು. 'ಒಂದು ಕ್ವಿಂಟಾಲ್ ಎಂದರೆ 100 ಕಿಲೋ' ಎಂಬ ಸಾಲನ್ನು ಸೇರಿಸಿ, ಅದನ್ನು ಹೊಸ ಪ್ರಶ್ನೆಯೆಂದೇ ಪರಿಗಣಿಸಿ ಕಠಿಣತೆಯನ್ನು ಮತ್ತೆ ಅಳೆದೆವು.

ಫಲಿತಾಂಶ ಶಿಕ್ಷಕರ ಕೈಗೆ ಹೋದಾಗ ಬಂದ ಪ್ರಶ್ನೆಗಳು ನನಗೆ ಬಹಳ ಕಲಿಸಿದವು. ಒಬ್ಬ ಶಿಕ್ಷಕಿ ಎರಡು ವರದಿಗಳನ್ನು ಮುಂದಿಟ್ಟು, "ಸರ್, ಇಬ್ಬರೂ ಮೂವತ್ತರಲ್ಲಿ ಇಪ್ಪತ್ತೊಂದು ಸರಿ ಮಾಡಿದ್ದಾರೆ. ಮತ್ತೆ ಇವನಿಗೆ 460, ಇವಳಿಗೆ 610 ಹೇಗೆ ಬಂತು?" ಎಂದು ಕೇಳಿದರು. "ಮೇಡಂ, ಇಬ್ಬರಿಗೂ ಬಂದ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿ" ಎಂದು ಪಟ್ಟಿಗಳನ್ನು ತೆಗೆದುಕೊಟ್ಟೆ. ಒಂದರಲ್ಲಿ ಎರಡಂಕಿಯ ವ್ಯವಕಲನಗಳು, ಇನ್ನೊಂದರಲ್ಲಿ ಭಿನ್ನರಾಶಿಗಳ ಹೋಲಿಕೆ. ಅವರು ಒಂದು ನಿಮಿಷ ನೋಡಿ, "ಹಾಗಾದರೆ ಎಷ್ಟು ಸರಿ ಅನ್ನೋದನ್ನು ವರದಿಯಲ್ಲಿ ಹಾಕಲೇಬೇಡಿ" ಎಂದರು. ಅದು ಸರಿಯಾದ ಸಲಹೆ. ಪ್ರತಿ ಮಗುವೂ ಶೇ. 70ರ ಆಸುಪಾಸಿನಲ್ಲಿ ಸರಿ ಮಾಡುವಂತೆ ನಾವೇ ರೂಪಿಸಿರುವಾಗ ಆ ಸಂಖ್ಯೆ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ತೆಗೆದು, ಆ ಅಂಕದ ಆಸುಪಾಸಿನ ಕಠಿಣತೆಯ ಎರಡು ಮೂರು ಲೆಕ್ಕಗಳನ್ನು ಮಾದರಿಯಾಗಿ ಅಚ್ಚು ಹಾಕಿದೆವು.

ವರದಿಯ ಅಂಕ 500ರ ಸುತ್ತ ಇದೆ, ಒಂದು ಲಾಜಿಟ್ ಎಂದರೆ ನೂರು. ಅಂದರೆ ಮಾನಕ ದೋಷ 40 ಅಂಕ, ಇಬ್ಬರು ಮಕ್ಕಳ ವ್ಯತ್ಯಾಸದ ಮಾನಕ ದೋಷ ಸುಮಾರು 57. ಇಬ್ಬರ ನಡುವೆ 110ಕ್ಕಿಂತ ಕಡಿಮೆ ಅಂತರವಿದ್ದರೆ ಒಬ್ಬರು ಇನ್ನೊಬ್ಬರಿಗಿಂತ ಮುಂದಿದ್ದಾರೆ ಎಂದು ವಿಶ್ವಾಸದಿಂದ ಹೇಳುವಂತಿಲ್ಲ. ತರಗತಿಯಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂದು ಪಟ್ಟಿ ಮಾಡಲು ಈ ಅಂಕಗಳನ್ನು ಬಳಸಬೇಡಿ ಎಂದು ವರದಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಮೂವತ್ತು ಮಕ್ಕಳ ತರಗತಿಯ ಸರಾಸರಿಯಲ್ಲಿ ಅಳತೆಯ ದೋಷ ಏಳು ಅಂಕಗಳಿಗೆ ಇಳಿಯುವುದರಿಂದ, ಇಡೀ ತರಗತಿಯ ಪ್ರಗತಿಯನ್ನು ಮಾತ್ರ ಸಾಕಷ್ಟು ಧೈರ್ಯದಿಂದ ಹೇಳಬಹುದು.

ಕೋಠಿ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಪ್ರತಿ ಮಗುವಿಗೂ 30 ಪ್ರಶ್ನೆಗಳ ಜೊತೆಗೆ ಅಂಕಕ್ಕೆ ಸೇರದ ಮೂರು ಹೊಸ ಪ್ರಶ್ನೆಗಳನ್ನು ನಡುವೆ ಸೇರಿಸಿ ಕೊಡುತ್ತೇವೆ. ಇವನ್ನು ಮಗುವಿನ ಮಟ್ಟ ನೋಡಿ ಆರಿಸದೆ, ಆಯಾ ತರಗತಿಯೊಳಗೆ ಯಾದೃಚ್ಛಿಕವಾಗಿ ಹಂಚುವುದು ಅಗತ್ಯ. ಅಡಾಪ್ಟಿವ್ ಆಗಿ ಕೇಳಿದ ಪ್ರಶ್ನೆಗೆ ಉತ್ತರಿಸುವವರೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದ ಮಕ್ಕಳಾಗಿರುವುದರಿಂದ, ಅದರ ವಕ್ರರೇಖೆ ಮಾದರಿ ಹೇಳುವಂತೆ ಏರುತ್ತಿದೆಯೇ ಎಂದು ಆ ದತ್ತಾಂಶದಿಂದ ನೋಡಲು ಆಗುವುದಿಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಬಗೆಯ ಮಕ್ಕಳೂ ಉತ್ತರಿಸಿದಾಗಲೇ ಅದು ಕಾಣುವುದು. 500ರಷ್ಟು ಉತ್ತರ ಸೇರಿದ ಮೇಲೆ ಹೊಸ ಪ್ರಶ್ನೆಗೆ ಕಠಿಣತೆ ನಿಗದಿಯಾಗುತ್ತದೆ. ಹಳೆಯ ಪ್ರಶ್ನೆಗಳಲ್ಲೂ ಕೆಲವನ್ನು ಸರದಿಯಂತೆ ಇದೇ ರೀತಿ ಹಂಚಿ, ಅವುಗಳ ಕಠಿಣತೆ ಮೊದಲಿನ ಜಾಗದಲ್ಲೇ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡುತ್ತೇವೆ. ಈಗ ಬರೆಸುತ್ತಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಮೇಲ್ತುದಿಯವು: ಏಳನೇ ತರಗತಿಯ ಚುರುಕಾದ ಮಕ್ಕಳಿಗಾಗಿ ಅನುಪಾತ, ಶೇಕಡ ಮತ್ತು ಭಿನ್ನರಾಶಿಗಳ ಭಾಗಾಕಾರ. ಅಲ್ಲಿ ಕೋಠಿ ಇನ್ನೂ ವಿರಳವಾಗಿಯೇ ಇದೆ.